ಹೊಗೆಸೊಪ್ಪಿನ ಡಬ್ಬಿ ಮನೆ

ಕಡೂರು ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ನಿಂತಾಗ ನನ್ನ ತಲೆಯಲ್ಲಿದ್ದದ್ದು ಇಷ್ಟೇ. ಐರ್ಲೆಂಡಿನಿಂದ ಬರುತ್ತಿರುವ ಹೆಂಗಸು ನೋಡಬೇಕೆಂದಿರುವುದು ಒಂದು ಹಿತ್ತಾಳೆ ಡಬ್ಬಿಯನ್ನು. ಆ ಡಬ್ಬಿ ನಮ್ಮಪ್ಪನ ಎಡಗೈಯಲ್ಲಿದೆ. ಅಪ್ಪ ಅಜ್ಜಂಪುರದಾಚೆ, ಶಿವನಿ ರಸ್ತೆಯ ನಮ್ಮ ಹೊಲದಲ್ಲಿ, ಮಣ್ಣಿನೊಳಗೆ ಕೂತಿದ್ದಾನೆ. ಅಪ್ಪ ಹೋದದ್ದು ಆಕೆಗೆ ಗೊತ್ತಿತ್ತು. ಡಬ್ಬಿಯೂ ಜೊತೆಗೇ ಹೋದದ್ದು ಗೊತ್ತಿರಲಿಲ್ಲ. ಅದನ್ನು ಹೇಳಬೇಕಾದವಳು ನಾನು, ಯಾಕೆಂದರೆ ನಮ್ಮ ಮನೆಯಲ್ಲಿ ನೆಟ್ಟಗೆ ಇಂಗ್ಲಿಷ್ ಬರುವುದು ನನಗೊಬ್ಬಳಿಗೇ.

ಅಪ್ಪ ಹೋದ ಮೇಲೆ ನನಗೆ ಅಳು ಬಂದಿರಲಿಲ್ಲ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತವರ ಕಾಲು ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಇನ್ಯಾರದೋ ಕಾಲು ಚಿವುಟಿದ ಹಾಗಿರುತ್ತದಲ್ಲ, ಹಾಗಿದ್ದೆ. ತರೀಕೆರೆಯ ಕಾಲೇಜಿನಲ್ಲಿ ಪಾಠ ಮಾಡಿದೆ, ಮನೆಯಲ್ಲಿ ಸಾರಿಗೆ ಉಪ್ಪು ಸರಿಯಾಗಿಯೇ ಹಾಕಿದೆ, ಮಾತಾಡಿಸಲು ಬಂದವರಿಗೆಲ್ಲ ಕಾಫಿ ಕೊಟ್ಟೆ. ಬಂದವರಲ್ಲಿ ಕೆಲವರು ನನ್ನ ಮುಖ ನೋಡಿ ಸಪ್ಪಗಾದರು. ಅಳುವ ಮಗಳಿಗೆ ಸಮಾಧಾನ ಹೇಳಲು ತಯಾರಾಗಿ ಬಂದವರಿಗೆ ಆಗಲೇ ಸಮಾಧಾನವಾಗಿರುವ ಮಗಳು ಸಿಕ್ಕರೆ ಅವರಾದರೂ ಏನು ಮಾಡಬೇಕು, ಪಾಪ. ನಮ್ಮ ಪೈಕಿ ಸಾವಿಗೆ ಸೂತಕವಿಲ್ಲ ಅನ್ನುತ್ತಾರೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಲಿಂಗದಲ್ಲೇ ಸೇರಿದ, ಇದರಲ್ಲಿ ಮೈಲಿಗೆ ಎಲ್ಲಿಂದ ಬಂತು ಎಂಬ ವಾದ. ಒಳ್ಳೆಯ ವಾದವೇ. ಆದರೆ ಇಂತಿಷ್ಟು ದಿನ ಅಳತಕ್ಕದ್ದು ಎಂದು ಹಿರಿಯರು ಗೊತ್ತು ಮಾಡಿಟ್ಟಿದ್ದರೆ ನನ್ನಂಥವಳಿಗೆ ಅನುಕೂಲವಾಗುತ್ತಿತ್ತು.

ಡಬ್ಬಿಯ ಕಥೆ ಹೇಳಿಬಿಡುತ್ತೇನೆ.

ನಮ್ಮ ಮುತ್ತಜ್ಜ, ಅಂದರೆ ಅಪ್ಪನ ಅಜ್ಜ, ಮಠದಲ್ಲಿ ಉಂಡು ಓದಿ, ಯಾರ್ಯಾರದೋ ಪುಣ್ಯದಿಂದ ಹಡಗು ಹತ್ತಿ, ಸೋಪು ಮಾಡುವ ವಿದ್ಯೆ ಕಲಿಯಲು ಅಮೆರಿಕಕ್ಕೆ ಹೋದವನು. ಆಗ ನಮ್ಮದು ಕಡೂರು ಜಿಲ್ಲೆ. ಕಡೂರು ಜಿಲ್ಲೆಯಿಂದ ನ್ಯೂಯಾರ್ಕಿಗೆ ಹೋದ ಮುತ್ತಜ್ಜ ಅಲ್ಲಿ ತಂಗಿದ್ದು ಐರ್ಲೆಂಡಿನ ಒಬ್ಬ ಹೆಂಗಸಿನ ಬಾಡಿಗೆ ಕೋಣೆಗಳ ಮನೆಯಲ್ಲಿ. ಅದು ಬರೀ ಬಾಡಿಗೆಯ ಮನೆಯಾಗಿರಲಿಲ್ಲ. ಇಂಗ್ಲಿಷರ ಮೇಲೆ ತಿರುಗಿಬಿದ್ದು, ಸಿಕ್ಕಿದರೆ ನೇಣು ಎಂದು ದೇಶ ಬಿಟ್ಟು ಬಂದ ಐರಿಷ್ ಹುಡುಗರ ಬೀಡು ಅದು. ಸಂಜೆಯಾದರೆ ಸಭೆ, ಹಾಡು, ಜಗಳ. ಇಂಗ್ಲಿಷರಿಂದ ಏಟು ತಿಂದವನು ಎಂಬ ಒಂದೇ ಅರ್ಹತೆಯ ಮೇಲೆ ಮುತ್ತಜ್ಜನನ್ನೂ ಕೂರಿಸಿಕೊಳ್ಳುತ್ತಿದ್ದರಂತೆ. ಇವನು ಏಟು ತಿಂದವನೇನಲ್ಲ. ಆದರೆ ಅದನ್ನು ಹೇಳಿದರೆ ಎಲ್ಲಿ ಎಬ್ಬಿಸಿ ಕಳಿಸುತ್ತಾರೋ ಎಂದು ಸುಮ್ಮನಿದ್ದನಂತೆ.

ಮಾಂಸ ಮುಟ್ಟದ ಅವನಿಗೆ ಆ ಮನೆಯಲ್ಲಿ ಸಿಗುತ್ತಿದ್ದದ್ದು ಬೇಯಿಸಿದ ಆಲೂಗಡ್ಡೆ. ಬೆಳಿಗ್ಗೆ ಆಲೂಗಡ್ಡೆ, ರಾತ್ರಿ ಆಲೂಗಡ್ಡೆ. ಆ ಜನರ ಬಗ್ಗೆ ಮುತ್ತಜ್ಜನ ಅಭಿಪ್ರಾಯವೂ ಅದರಿಂದಲೇ ಹುಟ್ಟಿದ್ದು: ಆಲೂಗಡ್ಡೆ ತಿಂದು ಬದುಕುವ ಜನ ಕೆಟ್ಟವರಾಗಿರಲು ಸಾಧ್ಯವಿಲ್ಲ.

ಮನೆಯೊಡತಿಯ ತಮ್ಮನೂ ಅಲ್ಲೇ ಇದ್ದ. ಸದಾ ಪೈಪು ಸೇದುವ ಹುಡುಗ. ಹೊಗೆಸೊಪ್ಪು ತುಂಬಿಟ್ಟುಕೊಳ್ಳಲು ಅಂಗೈಯಲ್ಲಿ ಹಿಡಿಸುವಂಥ ಹಿತ್ತಾಳೆ ಡಬ್ಬಿ ಅವನ ಜೇಬಿನಲ್ಲಿರುತ್ತಿತ್ತು. ಮುಚ್ಚಳದ ಒಳಗೆ ಮೊಳೆಯಿಂದ ಗೀಚಿ ತಮ್ಮ ನಾಡಿನ ತಂತಿವಾದ್ಯದ ಚಿತ್ರ ಬರೆದಿದ್ದ, ಕೆಳಗೆ ತನ್ನ ಹೆಸರಿನ ಮೊದಲಕ್ಷರಗಳು. ಒಂದು ದಿನ ಈ ದೂರದೂರಿನಲ್ಲಿ ಕೂತು ಹಾಡಿದ್ದು ಸಾಕು ಎಂದು ಎದ್ದು ಐರ್ಲೆಂಡಿಗೆ ಹೊರಟ. ದೇಶ ಬಿಡುಗಡೆಯಾಗುವ ತನಕ ಸೇದುವುದಿಲ್ಲ ಎಂದು ಡಬ್ಬಿಯನ್ನು ಖಾಲಿ ಮಾಡಿ ಅಕ್ಕನ ಮೇಜಿನ ಮೇಲಿಟ್ಟ. ಬಂದ ಮೇಲೆ ತುಂಬಿಸಿ ಕೊಡು ಅಂದನಂತೆ.

ಅವನು ಬರಲಿಲ್ಲ. ಊರು ಮುಟ್ಟಿದ ಸ್ವಲ್ಪ ಕಾಲದಲ್ಲೇ ಸಿಕ್ಕಿಬಿದ್ದ. ಜೈಲಿನೊಳಗೇ ಗುಂಡು ಹಾಕಿ, ಅಲ್ಲೇ ಗುಂಡಿ ತೆಗೆದು, ಸುಣ್ಣ ಸುರಿದು ಮುಚ್ಚಿದರು. ಮನೆಯವರಿಗೆ ದೇಹ ಕೊಡಲಿಲ್ಲ, ಜಾಗವನ್ನೂ ಹೇಳಲಿಲ್ಲ. ಆ ಸುದ್ದಿ ನ್ಯೂಯಾರ್ಕಿನ ಮನೆಗೆ ಬಂದ ಸಂಜೆ ಮುತ್ತಜ್ಜ ಅಲ್ಲಿದ್ದ. ಸತ್ತವರ, ಜೈಲಿನಲ್ಲಿರುವವರ ಮನೆಗಳಿಗೆಂದು ಕಾಸು ಎತ್ತಲು ಹ್ಯಾಟನ್ನು ಕೈಯಿಂದ ಕೈಗೆ ದಾಟಿಸಿದರು. ಕೈಲಿ ಕಾಸಿಲ್ಲದ ಮುತ್ತಜ್ಜ ಕೊರಳಿನ ಬೆಳ್ಳಿ ಕರಡಿಗೆ ಬಿಚ್ಚಿ, ಒಳಗಿದ್ದ ಲಿಂಗವನ್ನು ತೆಗೆದು ಕರ್ಚೀಫಿನಲ್ಲಿ ಕಟ್ಟಿಕೊಂಡು, ಬೆಳ್ಳಿಯನ್ನು ಹ್ಯಾಟಿಗೆ ಹಾಕಿದ. ಮಾರನೆಯ ಬೆಳಿಗ್ಗೆ ಇವನು ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಕೂತದ್ದನ್ನೂ, ಆಮೇಲೆ ಕರ್ಚೀಫಿನಲ್ಲಿ ಗಂಟು ಹಾಕಿದ್ದನ್ನೂ ಮನೆಯೊಡತಿ ಬಾಗಿಲಿನಿಂದ ನೋಡಿದಳು. ಒಳಗೆ ಹೋಗಿ ತಮ್ಮನ ಡಬ್ಬಿ ತಂದು ಇವನ ಮುಂದಿಟ್ಟಳು. ಅಳುತ್ತಿದ್ದಳೇ ಎಂದು ನಾನು ಚಿಕ್ಕವಳಿದ್ದಾಗ ಅಪ್ಪನನ್ನು ಕೇಳಿದ್ದೆ. ಮುತ್ತಜ್ಜ ಅದನ್ನು ಹೇಳಿಲ್ಲ ಅಂದಿದ್ದ ಅಪ್ಪ.

ಮುತ್ತಜ್ಜ ಊರಿಗೆ ಬಂದ. ಸೋಪು ಮಾಡಲಿಲ್ಲ, ಈರುಳ್ಳಿ ಮಂಡಿ ಹಾಕಿದ. ಮಗ ಲಿಂಗವನ್ನು ಹೊಗೆಸೊಪ್ಪಿನ ಡಬ್ಬಿಯಲ್ಲಿ ಹಾಕಿಕೊಂಡು ಬಂದಿದ್ದಾನೆ ಎಂದು ಅವರಪ್ಪ ಕುದ್ದುಹೋಗಿ ಮಠಕ್ಕೆ ಎಳೆದುಕೊಂಡು ಹೋದರಂತೆ. ಆಗಿನ ಸ್ವಾಮಿಗಳು ಎಲ್ಲ ಕೇಳಿ, ವಾಸನೆ ಹಿಡಿದಿರುವುದು ಲಿಂಗಕ್ಕೋ ಡಬ್ಬಿಗೋ ಎಂದರು. ಡಬ್ಬಿಗೆ ಎಂದರು ಇವರು. ಹಾಗಾದರೆ ಹುಣಸೆಹಣ್ಣು ಹಾಕಿ ತೊಳೆಯಿರಿ ಎಂದು ಸ್ವಾಮಿಗಳು ಪ್ರಸಾದಕ್ಕೆ ಎದ್ದರಂತೆ. ನ್ಯಾಯ ಅಲ್ಲಿಗೆ ಮುಗಿಯಿತು. ಊರಿನ ಬಾಯಿ ಮುಗಿಯಲಿಲ್ಲ. ಅಂದಿನಿಂದ ಅಜ್ಜಂಪುರದಲ್ಲಿ ನಮ್ಮದು ಹೊಗೆಸೊಪ್ಪಿನ ಡಬ್ಬಿ ಮನೆ. ನಮ್ಮಲ್ಲಿ ಒಬ್ಬರೂ ಬೀಡಿ ಮುಟ್ಟಿದವರಲ್ಲ. ನನಗೆ ಗಂಡು ನೋಡುವಾಗ ಸಿಂಗಟಗೆರೆ ಕಡೆಯವರೊಬ್ಬರು, ಹುಡುಗಿ ಲಕ್ಷಣವಾಗಿದ್ದಾಳೆ, ಆದರೆ ಮನೆಯಲ್ಲಿ ಚಟ ಇದೆಯಂತಲ್ಲ ಎಂದು ಹಿಂದೆ ಸರಿದರು. ಅದೊಂದು ಉಪಕಾರವನ್ನು ಡಬ್ಬಿ ನನಗೆ ಮಾಡಿದೆ, ಆ ಗಂಡನ್ನು ನಾನು ಆಮೇಲೆ ನೋಡಿದ್ದೇನೆ.

ನಮ್ಮಲ್ಲಿ ಹೋದವರನ್ನು ಸುಡುವುದಿಲ್ಲ. ಕೂರಿಸಿ ಮಣ್ಣು ಮಾಡುತ್ತೇವೆ. ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಡುತ್ತಾರೆ, ಅದು ಅವರ ಜೊತೆ ಹೋಗುತ್ತದೆ. ಖಾಲಿ ಕರಡಿಗೆ ಮನೆಗೆ ಬರುತ್ತದೆ. ಹಾಗೇ ಹಿತ್ತಾಳೆ ಡಬ್ಬಿ ಮುತ್ತಜ್ಜನಿಂದ ಅಜ್ಜನಿಗೆ, ಅಜ್ಜನಿಂದ ಅಪ್ಪನಿಗೆ ಬಂದಿತ್ತು. ಮುಂದೆ ನನ್ನ ತಮ್ಮನ ಕೊರಳಿಗೆ ಬರಬೇಕಿತ್ತು. ಚಿಕ್ಕವರಿದ್ದಾಗ ಮುಚ್ಚಳದೊಳಗಿನ ಚಿತ್ರವನ್ನು ನಾನೂ ಅವನೂ ಬಾಚಣಿಗೆ ಅಂದುಕೊಂಡಿದ್ದೆವು. ತಲೆ ಬಾಚದೆ ಸ್ಕೂಲಿಗೆ ಹೋದವನ ಕೈಗೆ ಡಬ್ಬಿ ಸಿಗುವುದಿಲ್ಲ ಎಂದು ನಾನು ಅವನನ್ನು ಹೆದರಿಸುತ್ತಿದ್ದೆ.

ಈ ತಮ್ಮ ಈಗ ಮಂಡಿ ನೋಡಿಕೊಳ್ಳುತ್ತಾನೆ. ಎಲ್ಲದಕ್ಕೂ ಫೋನು ಎತ್ತಿ ಹಿಡಿಯುವ ಜಾತಿಯವನು. ಹೋದ ವರ್ಷ ಅಪ್ಪನನ್ನು ಮಂಡಿಯ ಕಟ್ಟೆಯ ಮೇಲೆ ಕೂರಿಸಿ ಡಬ್ಬಿಯ ಕಥೆ ಹೇಳಿಸಿ ವಿಡಿಯೋ ಮಾಡಿ ಹಾಕಿದ. ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರ ಹಾಕಿಸಿಕೊಂಡದ್ದು ನನ್ನಿಂದ. ಅದು ಹೇಗೋ ಸುತ್ತಿ ಸುತ್ತಿ ಆ ಮನೆಯೊಡತಿಯ ಮೊಮ್ಮಗಳ ಕಣ್ಣಿಗೆ ಬಿತ್ತು. ನಿವೃತ್ತಳಾದ ನರ್ಸ್, ಎಪ್ಪತ್ತು ದಾಟಿದ ಹೆಂಗಸು. ಡಬ್ಬಿಯ ಹುಡುಗ ಆಕೆಯ ಅಜ್ಜಿಯ ತಮ್ಮ. ಮುಚ್ಚಳದ ಒಳಗೆ ಅವನು ಗೀಚಿದ್ದನ್ನು ಒಂದು ಸಲ ಬೆರಳಿನಿಂದ ಮುಟ್ಟಬೇಕು, ಇನ್ನೇನೂ ಬೇಡ, ಅವನದು ಅಂತ ನಮ್ಮ ಕಡೆ ಒಂದು ಅಂಗಿಯ ಗುಂಡಿಯೂ ಉಳಿದಿಲ್ಲ ಅಂದರು. ವಿಡಿಯೋ ಕಾಲ್ ಮಾಡಿದಾಗ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದ. ನಾನು ನಡುವೆ ಕೂತು ಆ ಮಾತು ಈ ಕಡೆಗೆ, ಈ ಮಾತು ಆ ಕಡೆಗೆ ದಾಟಿಸುತ್ತಿದ್ದೆ. ಕೊನೆಗೆ ಅಪ್ಪ ಫೋನಿನ ತೀರಾ ಹತ್ತಿರಕ್ಕೆ ಬಗ್ಗಿ, ಕಿವುಡರಿಗೆ ಹೇಳುವಷ್ಟು ಗಟ್ಟಿಯಾಗಿ ಹೇಳಿದ.

“ಬನ್ರಮ್ಮಾ. ನನ್ನ ಕೈಯಾರೆ ನಿಮ್ಮ ಕೈಗೆ ಇಡ್ತೀನಿ.”

ಮಂಡಿಯವರ ಮಾತು ಅದು. ಈರುಳ್ಳಿ ವ್ಯಾಪಾರದಲ್ಲಿ ಬರಹಕ್ಕಿಂತ ಬಾಯಿ ದೊಡ್ಡದು. ಅಪ್ಪ ಒಮ್ಮೆ ಅಂದ ಮೇಲೆ ಮುಗಿಯಿತು.

ಮಳೆಗಾಲದಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಎಡಗಡೆಯ ಮೈ ಬಿತ್ತು. ಮಾತು ತೊದಲಾಯಿತು, ಎಡಗೈ ದಿನದಿನಕ್ಕೂ ಒಳಕ್ಕೆ ಮಡಚಿಕೊಂಡು ಮುಷ್ಟಿಯಾಯಿತು. ಪೂಜೆಗೆ ಲಿಂಗ ಇಟ್ಟುಕೊಳ್ಳಬೇಕಾದ ಕೈ ಅದೇ. ಅವ್ವ ಬೆಳಿಗ್ಗೆ ಅವನ ಮೈ ಒರೆಸಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಲಿಂಗವನ್ನು ಅಂಗೈಯಲ್ಲಿಟ್ಟು, ವಿಭೂತಿ ಹಚ್ಚಿ, ಮತ್ತೆ ಡಬ್ಬಿಗೆ ಹಾಕಿ ಕೊರಳಿಗೆ ಕಟ್ಟುತ್ತಿದ್ದಳು. ಬರುಬರುತ್ತ ಬೆರಳು ಬಿಡಿಸುವಾಗ ಅಪ್ಪ ನೋವಿಗೆ ಕಣ್ಣು ಮುಚ್ಚುತ್ತಿದ್ದ. ಒಂದು ಬೆಳಿಗ್ಗೆ ಅವ್ವ ಲಿಂಗವಿದ್ದ ಡಬ್ಬಿಯನ್ನು ಹಾಗೇ ಅಂಗೈಗಿಟ್ಟಳು, ಮುಷ್ಟಿ ಮುಚ್ಚಿಕೊಂಡಿತು, ಅವ್ವ ಮತ್ತೆ ಬಿಡಿಸಲಿಲ್ಲ. ನಾನು ವಾರಕ್ಕೊಮ್ಮೆ ತರೀಕೆರೆಯಿಂದ ಹೋದಾಗ ಅವನ ಬೆರಳ ಸಂದಿಯಲ್ಲಿ ಹಿತ್ತಾಳೆ ಕಾಣುತ್ತಿತ್ತು. ಅಪ್ಪ ನನಗೆ ಹೇಳಿದ ಮಾತುಗಳಲ್ಲಿ ನನಗೆ ತಿಳಿದ ಕೊನೆಯದು, “ಆಯಮ್ಮ ಯಾವಾಗ ಬತ್ತಾರೆ?” ಎಂಬುದು. ಚಳಿಗಾಲಕ್ಕೆ ಅಂದೆ. ತಲೆ ಆಡಿಸಿದ.

ಚಳಿಗಾಲ ಶುರುವಾಗುವ ಹೊತ್ತಿಗೆ ಹೋದ.

ಮಣ್ಣಿಗಿಡುವ ಮುಂಚೆ, ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಕೈ ಬಿಡಿಸಲು ನೋಡಿದರು. ಆಗಲೇ ಮೈ ಸೆಟೆದಿತ್ತು. ತಮ್ಮ ಕೊಬ್ಬರಿ ಎಣ್ಣೆ ಹಚ್ಚಿ ನೋಡಿದ, ಬಿಸಿನೀರಿನ ಬಟ್ಟೆ ಸುತ್ತಿ ನೋಡಿದ. ಅವನಿಗೆ ಡಬ್ಬಿಯ ಮೇಲೆ ಆಸೆಯಿತ್ತು, ಸುಳ್ಳು ಯಾಕೆ. ಆದರೆ ಆಸೆಗಿಂತ ಹೆಚ್ಚಾಗಿ ಅಪ್ಪ ಕೊಟ್ಟ ಮಾತು ಮಣ್ಣುಪಾಲಾಗುತ್ತದೆ ಎಂಬ ಗಾಬರಿಯಿತ್ತು. ಅಯ್ಯನವರು ಲಿಂಗ ಅಂಗೈಯಲ್ಲಿರಬೇಕೇ ಹೊರತು ಡಬ್ಬಿಯಲ್ಲಲ್ಲ, ಇದು ಪದ್ಧತಿಯಲ್ಲ ಎಂದರು. ಹೆಬ್ಬೆರಳನ್ನು ಸ್ವಲ್ಪ ಜೋರಾಗಿ ಹಿಂದಕ್ಕೆ ಒತ್ತಿದರು. ಅವ್ವ ಅವರ ಕೈ ಮೇಲೆ ಕೈ ಇಟ್ಟಳು.

“ಬಿಡಿ ಅಯ್ಯನೋರೇ, ನೋಯ್ತದೆ.”

ಅಲ್ಲಿದ್ದ ಹೆಂಗಸರೆಲ್ಲ ಅತ್ತರು. ನಾನು ಅಪ್ಪನ ಹಣೆಯ ವಿಭೂತಿ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗಿದೆ ಎಂದು ನೋಡುತ್ತಿದ್ದೆ. ಅಯ್ಯನವರು ಕೈ ತೆಗೆದರು. ಹಾಗೇ ಮಣ್ಣು ಮಾಡಿದರು.

ಐರ್ಲೆಂಡಿಗೆ ಸುದ್ದಿ ಕೊಟ್ಟಾಗ, ಬೇಕಾದರೆ ಬರುವುದನ್ನು ಬಿಡುತ್ತೇನೆ ಎಂದು ಆಕೆ ಮೆಸೇಜು ಮಾಡಿದರು. ಅವ್ವ, ಟಿಕೇಟು ತಗೊಂಡವರೆ, ಬರ್ಲಿ ಅಂದಳು. ಡಬ್ಬಿಯ ವಿಷಯ ಬರೆಯಬೇಡ, ಬರುವಷ್ಟರಲ್ಲಿ ತೆಗೆಸೋಣ ಎಂದ ತಮ್ಮ. ಅವ್ವ ಬೇಡ ಅಂದಳು. ಕೂರಿಸಿದವರನ್ನು ಎಬ್ಬಿಸಬಾರದು ಅಂದಳು. ಅವನು ಅಪ್ಪ ಕೊಟ್ಟ ಮಾತು ದೊಡ್ಡದೋ ನಿನ್ನ ಮಾತು ದೊಡ್ಡದೋ ಎಂದು ಕೇಳಿದ. ಅವರಿಬ್ಬರ ಜಗಳ ಹಗಲೂ ರಾತ್ರಿ ನಡೆಯಿತು. ಕೊನೆಗೆ ಇಬ್ಬರೂ ಒಪ್ಪಿದ್ದು ಒಂದಕ್ಕೆ: ಬಂದವರೇ ಹೇಳಲಿ. ಬೇಕು ಅಂದರೆ ತೆಗೆಯುವುದು, ಬೇಡ ಅಂದರೆ ಬಿಡುವುದು. ಅಂದರೆ ನಮ್ಮಪ್ಪನ ಗುಂಡಿ ಅಗೆಯಬೇಕೋ ಬೇಡವೋ ಎಂದು ಫೋನಿನಲ್ಲಷ್ಟೇ ಮುಖ ಕಂಡ ಹೆಂಗಸನ್ನು ಇಂಗ್ಲಿಷಿನಲ್ಲಿ ಕೇಳುವ ಭಾಗ್ಯ ನನ್ನದಾಯಿತು. ಇಷ್ಟು ವರ್ಷ ಇಂಗ್ಲಿಷ್ ಪಾಠ ಮಾಡಿದ್ದರ ಫಲ.

ರೈಲು ಬಂತು. ಎತ್ತರದ, ಬಿಳಿ ಕೂದಲಿನ ಹೆಂಗಸು ತಮ್ಮ ಚೀಲವನ್ನು ತಾವೇ ಇಳಿಸಿಕೊಂಡರು. ನನ್ನ ಎರಡೂ ಕೈ ಹಿಡಿದು ನಿಮ್ಮ ತಂದೆಯ ವಿಷಯ ಕೇಳಿ ಬಹಳ ಬೇಸರವಾಯಿತು ಅಂದರು. ನಾನು ಥ್ಯಾಂಕ್ಸ್ ಹೇಳಿದೆ. ಕಾರಿನಲ್ಲಿ ಬೀರೂರು ದಾಟುವವರೆಗೂ ಆಕೆಯೇ ಮಾತಾಡಿದರು. ಅವರ ಅಜ್ಜಿ, ನ್ಯೂಯಾರ್ಕಿನ ಆ ಮನೆಯೊಡತಿ, ವಯಸ್ಸಾದ ಮೇಲೆ ಐರ್ಲೆಂಡಿಗೇ ಮರಳಿದರಂತೆ. ಕಲ್ಲನ್ನು ಕೈಯಲ್ಲಿಟ್ಟುಕೊಂಡು ಪ್ರಾರ್ಥನೆ ಮಾಡುವ, ಆಲೂಗಡ್ಡೆಯನ್ನು ಸಿಪ್ಪೆ ಸಮೇತ ತಿನ್ನುವ ಒಬ್ಬ ಹುಡುಗನ ಕಥೆಯನ್ನು ಮೊಮ್ಮಕ್ಕಳಿಗೆ ಹೇಳುತ್ತಿದ್ದರಂತೆ. ತಮ್ಮನ ನೆನಪಿನ ದಿನ ಬಂದರೆ ಅಜ್ಜಿ ಹೂವು ತಂದು, ಎಲ್ಲಿಡುವುದು ಎಂದು ತಿಳಿಯದೆ, ಮಧ್ಯಾಹ್ನದ ತನಕ ಕೈಯಲ್ಲೇ ಹಿಡಿದುಕೊಂಡು ಓಡಾಡಿ, ಆಮೇಲೆ ಅಡುಗೆಮನೆಯ ಲೋಟಕ್ಕೆ ಹಾಕುತ್ತಿದ್ದರಂತೆ. ಆ ಜೈಲು ಇದ್ದ ಜಾಗದಲ್ಲಿ ಈಗ ಇನ್ನೇನೇನೋ ಕಟ್ಟಡಗಳಿವೆ, ಗುಂಡಿ ಎಲ್ಲಿತ್ತು ಎಂದು ಹೇಳುವವರಿಲ್ಲ ಅಂದರು. ನಾನು ಗೇರು ಬದಲಿಸುತ್ತ ಹೂಂ ಅನ್ನುತ್ತಿದ್ದೆ. ಹೇಳಬೇಕಾದದ್ದನ್ನು ಕಾರಿನಲ್ಲೇ ಹೇಳಿಬಿಡೋಣ ಎಂದುಕೊಂಡೆ. ಅಜ್ಜಂಪುರದ ಬೋರ್ಡು ಬಂದೇಬಿಟ್ಟಿತು.

ಅವ್ವ ಆಲೂಗಡ್ಡೆ ಪಲ್ಯ, ಚಪಾತಿ, ಅನ್ನ, ಸಾರು ಮಾಡಿದ್ದಳು. ಜೊತೆಗೆ ಒಂದು ತಟ್ಟೆಯಲ್ಲಿ ಬರೀ ಬೇಯಿಸಿದ ಆಲೂಗಡ್ಡೆ, ಉಪ್ಪು, ಬೆಣ್ಣೆ. ಬಂದಾಕೆ ಅದನ್ನು ನೋಡಿ ಗಟ್ಟಿಯಾಗಿ ನಕ್ಕರು. ಅವ್ವನೂ ನಕ್ಕಳು. ಅಪ್ಪ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು, ನನಗೆ ಒಂಥರಾ ಸಿಟ್ಟೇ ಬಂತು. ತಮ್ಮ ಉಣ್ಣದೆ ಬಾಗಿಲಿಗೊರಗಿ ನಿಂತು, ನನ್ನನ್ನೇ ನೋಡುತ್ತಿದ್ದ. ಹೊಲದ ಹತ್ತಿರ ಇಬ್ಬರು ಆಳುಗಳನ್ನು ಹಾರೆ ಗುದ್ದಲಿ ಸಮೇತ ಕೂರಿಸಿ ಬಂದಿದ್ದ.

ಊಟವಾದ ಮೇಲೆ ಹೇಳಿದೆ. ಲಕ್ವ, ಮುಷ್ಟಿ, ಅವ್ವ ಡಬ್ಬಿ ಇಟ್ಟದ್ದು, ಬೆರಳು ಬಿಡದೇ ಹೋದದ್ದು, ಹಾಗೇ ಮಣ್ಣು ಮಾಡಿದ್ದು. ಪಠ್ಯದಲ್ಲಿರುವುದನ್ನು ಓದುವವಳ ದನಿಯಲ್ಲೇ ಹೇಳಿದೆ. ನಮ್ಮಪ್ಪ ನಿಮಗೆ ಮಾತು ಕೊಟ್ಟಿದ್ದರು, ಆದ್ದರಿಂದ ನೀವು ಹೂಂ ಅಂದರೆ ಇವತ್ತೇ ತೆಗೆದು ನಿಮ್ಮ ಕೈಗಿಡುತ್ತೇವೆ ಎಂದೂ ಹೇಳಿದೆ. ಆಕೆಯ ಮುಖ ಬಿಳಿಚಿಕೊಂಡಿತು. ಇಷ್ಟು ದೂರ ಬಂದದ್ದು ಅದೊಂದಕ್ಕೇ ಎಂದು ಮುಖವೇ ಹೇಳುತ್ತಿತ್ತು. ಆಮೇಲೆ ಅವ್ವನ ಕಡೆ ತಿರುಗಿ, ಕೊನೆಯವರೆಗೂ ಅವರು ಅದನ್ನು ಹಿಡಿದುಕೊಂಡೇ ಇದ್ದರೇ ಎಂದು ಕೇಳಿದರು. ನಾನು ಅದನ್ನು ಅವ್ವನಿಗೆ ಹೇಳಿದೆ.

“ಹಿಡ್ಕೊಂಡೇ ಇದ್ರು. ನಾನೇ ಬಿಡಿಸ್ಲಿಲ್ಲ ಅನ್ನು,” ಅಂದಳು ಅವ್ವ.

ಜಾಗ ನೋಡಿ ಹೇಳುತ್ತೇನೆ ಅಂದರು ಆಕೆ. ಎಲ್ಲರೂ ಹೊಲಕ್ಕೆ ಹೋದೆವು.

ಅಪ್ಪನ ಮಣ್ಣು ಇನ್ನೂ ಹಸಿ ಗುಡ್ಡೆಯಾಗಿಯೇ ಇತ್ತು. ಗದ್ದಿಗೆ ಕಟ್ಟಿಸಿರಲಿಲ್ಲ. ಹುಣಸೆ ಮರದ ಕೆಳಗೆ ಕೂತಿದ್ದ ಆಳುಗಳು ನಮ್ಮನ್ನು ನೋಡಿ ಎದ್ದು ಹಾರೆಗೆ ಕೈ ಹಾಕಿದರು. ತಮ್ಮ ಅವರಿಗೆ ತಡೆಯಿರಿ ಎಂದು ಸನ್ನೆ ಮಾಡಿದ. ಬಂದಾಕೆ ಗುಡ್ಡೆಯ ಹತ್ತಿರ ಚಪ್ಪಲಿ ಬಿಟ್ಟು ನಿಂತರು. ಅವ್ವ ಸ್ವಲ್ಪ ದೂರದಲ್ಲಿ ಸೆರಗು ಬಿಗಿದುಕೊಂಡು ನಿಂತಳು. ಗುಡ್ಡೆಯ ಕಡೆ ನೋಡಲಿಲ್ಲ, ಹಾರೆಯ ಕಡೆ ನೋಡುತ್ತಿದ್ದಳು. ಆಗ ನನಗೆ ಅವಳ ಭಯ ಎಷ್ಟಿತ್ತು ಎಂದು ತಿಳಿಯಿತು. ಮನೆಗೆ ಬಂದವರ ಮುಂದೆ ಮಾತು ತಪ್ಪಬಾರದು ಎಂದು ಒಪ್ಪಿದ್ದಳು. ಅವರು ಹೂಂ ಅಂದುಬಿಟ್ಟರೆ ಅಡ್ಡ ಬರುವವಳಲ್ಲ, ಆಮೇಲೆ ಬದುಕುವವಳೂ ಅಲ್ಲ.

ಆಕೆ ನನಗೆ ನಿಧಾನವಾಗಿ ಹೇಳಿದರು. ತಾವು ಕೆಲಸದಲ್ಲಿದ್ದಾಗ ಇಂಥ ಮುಷ್ಟಿಗಳನ್ನು ಬಹಳ ಬಿಡಿಸಿದ್ದಾರಂತೆ. ಮನೆಯವರು ಉಂಗುರ ಬೇಕು ಅಂದಾಗ, ಜಪಸರ ಬೇಕು ಅಂದಾಗ. ಬಿಡಿಸಲು ಬರುತ್ತದೆ, ಆದರೆ ಬಿಡಿಸಿದಾಗ ಆಗುವ ಸದ್ದು ತಮಗೆ ಗೊತ್ತು, ನಿಮ್ಮ ತಾಯಿಗೆ ಆ ಸದ್ದು ಬೇಡ ಅಂದರು. ನಾನು ಅವ್ವನಿಗೆ, ಬೇಡವಂತೆ ಕಣವ್ವಾ, ಅಷ್ಟೇ ಹೇಳಿದೆ. ಸದ್ದಿನ ಮಾತು ಹೇಳಲಿಲ್ಲ. ಅವ್ವ ನಿಂತಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟಳು. ತಮ್ಮ ಆಳುಗಳನ್ನು ಕಳಿಸಲು ಹೋದ.

ಆಮೇಲೆ ಆಕೆ ಒಂದು ಪ್ರಶ್ನೆ ಕೇಳಿದರು. ಇವರ ಎಡಗೈ ಯಾವ ಕಡೆಗಿದೆ?

ಮಣ್ಣು ಮಾಡಿದ ದಿನ ನಾನು ಅಲ್ಲೇ ಇದ್ದೆ, ಎಲ್ಲ ನೋಡಿದ್ದೆ, ಯಾವುದೂ ತಲೆಗೆ ಹೋಗಿರಲಿಲ್ಲ. ಅಪ್ಪ ಪೂರ್ವಕ್ಕೆ ಮುಖ ಮಾಡಿದ್ದಾನೆ, ಬೆನ್ನಿಗೆ ರೈಲು ಹಳಿ. ಹಾಗಾದರೆ ಎಡ ಎಂದರೆ ಯಾವ ಕಡೆ ಎಂದು ಕೈ ತಿರುಗಿಸಿ ನೋಡಿದರೂ ಗೊಂದಲವಾಯಿತು. ಕೊನೆಗೆ ಗುಡ್ಡೆಯ ಮುಂದೆ, ಹಳಿಗೆ ಬೆನ್ನು ಮಾಡಿ, ಅಪ್ಪ ಕೂತ ಹಾಗೇ ಚಕ್ಕಳಮಕ್ಕಳ ಹಾಕಿ ಮಣ್ಣಿನಲ್ಲಿ ಕೂತೆ. ಪೂಜೆಗೆ ಕೂತಾಗ ಅಪ್ಪ ಹಿಡಿಯುತ್ತಿದ್ದಂತೆ ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದೆ. ಇಲ್ಲಿ, ಅಂದೆ.

ಆಕೆ ನನ್ನ ಎದುರಿಗೆ ಮಂಡಿಯೂರಿದರು. ಚೀಲದಿಂದ ಒಂದು ಸಣ್ಣ ಪೊಟ್ಟಣ ತೆಗೆದರು. ಹೊಗೆಸೊಪ್ಪು. ಡಬ್ಬಿ ಸಿಕ್ಕರೆ ತುಂಬಿಸಬೇಕು, ಅವನು ನನಗೆ ಹೇಳಿ ಹೋಗಿದ್ದಾನೆ ಎಂದು ಅಜ್ಜಿ ಸಾಯುವ ತನಕ ಅನ್ನುತ್ತಿದ್ದರಂತೆ, ಅದಕ್ಕೇ ತಂದಿದ್ದೇನೆ ಅಂದರು. ಪೊಟ್ಟಣ ಬಿಚ್ಚಿ ನನ್ನ ಅಂಗೈಯಲ್ಲಿ ಸುರಿದರು. ಅದರ ಮೇಲೆ ತಮ್ಮ ಕೈ ಇಟ್ಟು ನನ್ನ ಬೆರಳುಗಳನ್ನು ಮೆಲ್ಲಗೆ ಮುಚ್ಚಿದರು. ಅವರ ಕೈ ಬೆಚ್ಚಗಿತ್ತು. ಇಷ್ಟು ದಿನದ ಮೇಲೆ ನನಗೆ ನನ್ನ ಕೈ ನನ್ನದು ಅನ್ನಿಸಿದ್ದು ಆಗ. ಅಪ್ಪನ ಕೈ ಅದರ ಒಳಗೆಲ್ಲೋ ಇತ್ತು. ಕೈಯಾರೆ ಇವರ ಕೈಗೆ ಇಡುತ್ತೇನೆ ಅಂದಿದ್ದ ಅಪ್ಪ.

ಲಿಂಗ ಕಟ್ಟಿದವರ ಗದ್ದಿಗೆಗೆ ಹೊಗೆಸೊಪ್ಪು ಹಾಕುವುದುಂಟೇ ಎಂದು ನಾನು ಅವ್ವನ ಮುಖ ನೋಡಿದೆ. ಅವಳು ಎದ್ದು ಬಂದು, ನಾನು ತೋರಿಸಿದ ಕಡೆಯಲ್ಲೇ ಗುಡ್ಡೆಯ ಮಣ್ಣನ್ನು ಬೆರಳಿನಿಂದ ಕೆದಕಿ ಒಂದು ಸಣ್ಣ ಕುಳಿ ಮಾಡಿದಳು. ನಾನು ಮುಷ್ಟಿ ಬಿಚ್ಚಿ ಅದರೊಳಗೆ ಸುರಿದೆ. ಅವ್ವ ಮಣ್ಣು ಎಳೆದು ಮುಚ್ಚಿ, ಅಂಗೈಯಿಂದ ತಟ್ಟಿ, ನನ್ನ ಕಡೆ ತಿರುಗಿದಳು.

“ಅವರ ಹುಡುಗನ್ಗೂ ಮಣ್ಣಾಯ್ತು ಅಂತ ಹೇಳು ಮಗಾ. ಹೂವ ಇಡೋಕ್ಕೆ ಒಂದ್ ಜಾಗ ಆಯ್ತು, ಇಲ್ಲಿ ಇವರ ಜೊತೆಗವ್ನೆ ಅಂತ ಹೇಳು.”

ನಾನು ಬಾಯಿ ತೆರೆದೆ. ಹುಡುಗನ್ಗೂ ಎಂಬ ಮಾತಿನ ಹತ್ತಿರವೇ ನನ್ನ ಇಂಗ್ಲಿಷ್ ಕೈಕೊಟ್ಟಿತು. ಕಾಲು ಜೋಮು ಬಿಡುವಾಗ ಎಷ್ಟು ನೋಯುತ್ತದೆ ಎಂದು ನನಗೆ ಮರೆತೇಹೋಗಿತ್ತು. ಅಪ್ಪನ ಮಣ್ಣಿನ ಮೇಲೆ ತಲೆಯಿಟ್ಟು, ಊರಿಗೆಲ್ಲ ಕೇಳುವ ಹಾಗೆ ಅತ್ತೆ. ಯಾರೂ ಸಮಾಧಾನ ಹೇಳಲಿಲ್ಲ. ಆಳುಗಳನ್ನು ಕಳಿಸಿ ಬಂದಿದ್ದ ತಮ್ಮ ನನ್ನ ಪಕ್ಕದಲ್ಲಿ ಕೂತು, ತನಗೆ ಬರುವ ಹರಕು ಇಂಗ್ಲಿಷಿನಲ್ಲಿ, ಕೈಯಿಂದ ಮಣ್ಣನ್ನು ತೋರಿಸಿ ತೋರಿಸಿ, ಅವ್ವನ ಮಾತನ್ನು ಆಕೆಗೆ ಹೇಳಿದ. ಒಂದು ವಾಕ್ಯವೂ ಸರಿಯಾಗಿರಲಿಲ್ಲ. ಆಕೆ ಕೇಳಿ, ಇನ್ನೊಂದು ಸಲ ಹೇಳು ಅಂದರು. ಅವನು ಇನ್ನೊಂದು ಸಲ ಹೇಳಿದ.